ಮುಂಗೈಯ ಬರೆ

“ಬುದ್ಧಿ, ನಿಯಮ ಎಲ್ಲರಿಗೂ ಒಂದೇ ಆದಮೇಲೆ ಅನ್ಯಾಯಕ್ಕೆ ಎಡೆಯೆಲ್ಲಿ?” ಎಂದು ಶಿಷ್ಯ ಕೇಳಿದ. ಅವನು ವರ್ತಕರ ಮನೆತನದವನು. ಊಟ ಮುಗಿದಿತ್ತು, ಮಠದ ಜಗಲಿಯಲ್ಲಿ ತಂಗಾಳಿ ಬೀಸುತ್ತಿತ್ತು, ಲೋಕದ ಮೇಲೆ ಅವನಿಗೆ ಯಾವ ದೂರೂ ಇರಲಿಲ್ಲ.

ಗುರುಗಳು ನಕ್ಕರು. “ಹೊಟ್ಟೆ ತುಂಬಿದಾಗ ಹುಟ್ಟುವ ಪ್ರಶ್ನೆ ಇದು. ಕೇಳು,” ಎಂದು ಕತೆ ತೆಗೆದರು.

ಒಂದು ರಾಜ್ಯ. ಅಲ್ಲಿ ಬೆಟ್ಟದ ಮೇಲೊಂದು ಜನ, ಕೋಟೆಯೊಳಗೊಂದು ಜನ. ಬೆಟ್ಟದವರದು ಕಪ್ಪು ಮೈ, ಕೋಟೆಯವರದು ಬಿಳಿ ಮೈ. ಭಂಗಿ ಸೊಪ್ಪನ್ನು ಮಾತ್ರ ಇಬ್ಬರೂ ಬಳಸುತ್ತಿದ್ದರು. ಬೆಟ್ಟದವರು ಮೈಕೈ ನೋವಿಗೆಂದು ಅರೆದು ಕುಡಿದರೆ, ಕೋಟೆಯವರು ಸಂಜೆಯ ಹರಟೆಗೆಂದು ಚಿಲುಮೆಗೆ ತುಂಬುತ್ತಿದ್ದರು. ಅರಸನಿಗೆ ಏನನ್ನಿಸಿತೋ, ಒಂದು ದಿನ ಆ ಸೊಪ್ಪನ್ನು ನಿಷೇಧಿಸಿದ. ಸೊಪ್ಪಿನೊಂದಿಗೆ ಸಿಕ್ಕಿಬಿದ್ದವರ ಮುಂಗೈಗೆ ಬರೆ ಎಳೆಯಬೇಕೆಂದು ಆಜ್ಞೆಯಾಯಿತು. ಆಜ್ಞೆಯಲ್ಲಿ ಕಪ್ಪು ಬಿಳುಪಿನ ಮಾತೇ ಇರಲಿಲ್ಲ.

ಬೆಟ್ಟದ ಒಬ್ಬ ರೈತ ಸಂತೆಗೆ ಹೊರಟ. ಗಂಟಿನಲ್ಲಿ ಅವರೆಕಾಯಿ, ಅದರಡಿಯಲ್ಲಿ ಒಂದು ಹಿಡಿ ಸೊಪ್ಪು. ಕೋಟೆ ಬಾಗಿಲಲ್ಲಿ ಕಾವಲುಗಾರ ಅವನ ಮುಖ ನೋಡಿದ, ಗಂಟು ಬಿಚ್ಚಿಸಿದ. ಬರೆ ಬಿತ್ತು. ಹಿಂದೆಯೇ ಕೋಟೆಯ ಒಬ್ಬ ವರ್ತಕನ ಗಾಡಿ ಬಂತು. ಅದರಲ್ಲಿ ಒಂದು ಮೂಟೆ ತುಂಬ ಅದೇ ಸೊಪ್ಪಿತ್ತು. ಕಾವಲುಗಾರ ವರ್ತಕನ ಮುಖ ನೋಡಿದ, ಕೈಮುಗಿದ. ಗಾಡಿ ಒಳಗೆ ಹೋಯಿತು.

ರೈತ ಕೊರಗುತ್ತ ಕೂರುವ ಆಸಾಮಿಯಲ್ಲ. ಗಾಯ ಮಾಯಿತು. ಹೊಲ ಕೈಹಿಡಿಯಿತು, ಹೆಂಡತಿ ಮನೆಯನ್ನು ನಗಿಸುತ್ತ ಇದ್ದಳು, ಮಗಳು ಬುದ್ಧಿವಂತೆಯಾಗಿ ಬೆಳೆದಳು. ದಿನಗಳು ಸುಖವಾಗಿಯೇ ಉರುಳಿದವು.

ಮುಂದೆ ಹೊಸ ಅರಸ ಪಟ್ಟಕ್ಕೆ ಬಂದ. ಸೊಪ್ಪಿನಿಂದ ಅಂಥ ಕೇಡೇನೂ ಇಲ್ಲ, ಬೊಕ್ಕಸಕ್ಕೂ ಒಳ್ಳೆಯದು ಎಂದು ಮಂತ್ರಿಗಳು ಹೇಳಿದರು. ನಿಷೇಧ ಹೋಯಿತು. ಭಂಗಿಯ ಅಂಗಡಿ ಇಡುವವರು ಬರಬಹುದು ಎಂದು ಡಂಗುರ ಸಾರಿದರು. ರೈತ ಹಿಗ್ಗಿಹೋದ. ತನ್ನ ಕಾಲ ಹೇಗೋ ಕಳೆಯಿತು, ಮಗಳು ಇನ್ನು ತಲೆಹೊರೆ ಹೊತ್ತು ಬೆಟ್ಟ ಇಳಿಯುವುದು ಬೇಡ, ನೆರಳಲ್ಲಿ ಕೂತು ವ್ಯಾಪಾರ ಮಾಡಲಿ ಎಂಬುದೊಂದೇ ಅವನ ಆಸೆ. ಅಂಗಡಿಯಲ್ಲಿ ಹಾಸಲೆಂದು ಹೆಂಡತಿ ಆಗಲೇ ಚಾಪೆ ಹೆಣೆದಿಟ್ಟಳು. ಅವನು ಒಗೆದ ಪಂಚೆ ಉಟ್ಟು, ಮಗಳನ್ನು ಕರೆದುಕೊಂಡು ಹೋಗಿ ಅಧಿಕಾರಿಯ ಮುಂದೆ ನಿಂತ.

ಅಧಿಕಾರಿ ಒಳ್ಳೆಯವನು. ಗದರಲಿಲ್ಲ. ಇಬ್ಬರನ್ನೂ ಕೂರಿಸಿ, ರೈತನಿಗೆ ಮುಂಗೈ ತೋರಿಸಲು ಹೇಳಿದ.

“ಬರೆ ಇದೆಯಲ್ಲ ಯಜಮಾನ. ತಪ್ಪು ಮಾಡಿ ಸಿಕ್ಕಿಬಿದ್ದವರಿಗೆ ಅಂಗಡಿ ಕೊಡುವಂತಿಲ್ಲ. ಅವರ ಮನೆಯವರಿಗೂ ಇಲ್ಲ.”

“ಈ ಬರೆ ಬಿದ್ದದ್ದೇ ಈ ಸೊಪ್ಪಿಗೆ, ಸ್ವಾಮಿ. ಈಗ ಅದು ತಪ್ಪಲ್ಲವಂತಲ್ಲ?”

“ಈಗ ತಪ್ಪಲ್ಲ. ಆಗ ತಪ್ಪಾಗಿತ್ತು. ನಾನೇನು ಮಾಡಲಿ, ನಿಯಮ ಎಲ್ಲರಿಗೂ ಒಂದೇ.”

ಎಂದೋ ಮಾಯ್ದ ಗಾಯ ಆ ಹೊತ್ತು ಮತ್ತೆ ಉರಿಯಿತು. ಬರೆ ಬಿದ್ದ ದಿನ ಬಾರದ ಅಳು ಅವನಿಗೆ ಅಲ್ಲಿ ಬಂತು. ಮಗಳ ಮುಖ ನೋಡಲಾರದೆ ತಲೆ ತಗ್ಗಿಸಿದ.

ಅಂಗಡಿ ಆ ವರ್ತಕನಿಗೆ ಸಿಕ್ಕಿತು. ಅವನ ಮುಂಗೈ ಬೆಣ್ಣೆಯಂತೆ ನುಣ್ಣಗಿತ್ತು. ಅವನೂ ಕೆಟ್ಟವನೇನಲ್ಲ, ರೈತನ ಮಗಳನ್ನು ಕರೆದು ಮೂಟೆ ಹೊರುವ ಕೆಲಸ ಕೊಟ್ಟ. ಅವಳು ಈಗಲೂ ಬೆಟ್ಟದಿಂದ ಸೊಪ್ಪು ಹೊತ್ತು ತರುತ್ತಾಳೆ. ಕೋಟೆ ಬಾಗಿಲಲ್ಲಿ ಕಾವಲುಗಾರ ಅವಳ ಮುಖ ನೋಡುತ್ತಾನೆ, ಮೂಟೆ ಬಿಚ್ಚಿಸುತ್ತಾನೆ. ಇದು ವರ್ತಕರದು ಎಂದು ಅವಳು ಹೇಳಿದಮೇಲೆ ಬಿಡುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

“ಆದರೂ ಬುದ್ಧಿ, ರೈತನ ಗಂಟಿನಲ್ಲಿ ಸೊಪ್ಪು ಇದ್ದದ್ದಂತೂ ನಿಜ ತಾನೇ? ನಮ್ಮ ಮನೆತನದಲ್ಲಿ ಒಬ್ಬರ ಮೇಲೂ ಇಂಥ ಒಂದು ಗುರುತಿಲ್ಲ ನೋಡಿ,” ಎಂದ ಶಿಷ್ಯ.

ಗುರುಗಳು ಅವನನ್ನು ಅಕ್ಕರೆಯಿಂದಲೇ ನೋಡಿ ಕೇಳಿದರು:

“ನಿಮ್ಮ ಮನೆತನದವರ ಗಂಟನ್ನು ಎಂದಾದರೂ ಯಾರಾದರೂ ಬಿಚ್ಚಿಸಿದ್ದಾರೆಯೇ, ಮಗು?”