ಸಾಹೇಬರ ಓಟದ ವರದಿ

ಕಚೇರಿಯ ಕ್ರೀಡಾದಿನದಂದು ಶೇಷಗಿರಿ ಸಾಹೇಬರೂ ನೂರು ಮೀಟರ್ ಓಟಕ್ಕೆ ನಿಂತರು. ಓಡಿದವರು ಏಳು ಜನ. ಆರು ಜನ ಗೆರೆ ದಾಟಿ ನೀರು ಕುಡಿದು ಮುಗಿಸಿದ ಮೇಲೆ ಸಾಹೇಬರು ಬಂದು ತಲುಪಿದರು.

ಮಾರನೆಯ ದಿನ ಟೈಪಿಸ್ಟ್ ಚೆನ್ನಬಸಮ್ಮ ಮೇಲಿನ ಕಚೇರಿಗೆ ಕಳಿಸುವ ಇಂಗ್ಲಿಷ್ ವರದಿಯನ್ನು ಸಹಿಗೆ ಒಯ್ದಳು. ಸಾಹೇಬರು ಕೆಂಪು ಪೆನ್ನು ತೆಗೆದರು.

“ಏನಮ್ಮಾ ಇದು, ‘ಲಾಸ್ಟ್’? ಸೋತವನೂ ಲಾಸ್ಟು, ಕೊನೆಯವನೂ ಲಾಸ್ಟು! ಬೇಡ.”

‘ಲ್ಯಾಗ್ಡ್ ಬಿಹೈಂಡ್’, ಅಂದರೆ ಹಿಂದೆ ಬಿದ್ದರು, ಎಂದು ತಿದ್ದಿ ತಂದಳು. “ನಾನೇನು ಗೂಡ್ಸ್ ಗಾಡಿಯೇ?” ಎಂದು ಹೊಡೆದುಹಾಕಿದರು. ‘ಫೆಲ್ ಶಾರ್ಟ್’ ಎಂದು ತಂದಳು. ಶಾರ್ಟ್ ಎಂದರೆ ಗಿಡ್ಡ. ಸಾಹೇಬರು ಇದ್ದದ್ದೇ ಐದಡಿ. ಪೆನ್ನಿನ ಏಟಿಗೆ ಕಾಗದವೇ ಹರಿಯಿತು.

“ಇಂಥ ಒಂದು ಮಾತೂ ಇರಬಾರದು. ಸುಳ್ಳೂ ಇರಬಾರದು, ಓಟದ ಫೋಟೋ ಆಗಲೇ ಮೇಲಿನ ಕಚೇರಿಗೆ ಹೋಗಿದೆ. ಸಂಜೆಯೊಳಗೆ ಬರೆಯದಿದ್ದರೆ ನಿಮಗೆ ಗಡಿ ತಾಲ್ಲೂಕಿಗೆ ವರ್ಗ!”

ಚೆನ್ನಬಸಮ್ಮ ನಿಧಾನವಾಗಿ ಕಾಫಿ ಕುಡಿದಳು. ಆಮೇಲೆ ಎರಡೇ ಸಾಲು ಟೈಪು ಮಾಡಿ ತಂದಳು. ಸಾಹೇಬರು ಅದನ್ನು ಕನ್ನಡಕ್ಕೆ ತಿರುಗಿಸಿಕೊಂಡು ಗಟ್ಟಿಯಾಗಿ ಓದಿದರು.

“ನಮ್ಮ ಸಾಹೇಬರು ಒಬ್ಬರೇ ಆರು ಜನರನ್ನು ಗೆರೆಯವರೆಗೂ ಅಟ್ಟಿಸಿಕೊಂಡು ಹೋದರು. ಅವರಲ್ಲಿ ಒಬ್ಬನೂ ಎದುರಿಗೆ ನಿಲ್ಲಲಿಲ್ಲ.”

ಸಾಹೇಬರ ಮೀಸೆ ಅರಳಿತು. ಇನ್ನೊಮ್ಮೆ ಓದಿದರು. ಆಗ ಅನುಮಾನ ಬಂತು.

“ಅಲ್ಲಮ್ಮಾ, ಯಾರನ್ನೂ ಹಿಡಿಯಲಿಲ್ಲವೇ ಅಂತ ಮೇಲಿನವರು ಕೇಳಿದರೆ?”

“ಸಾಹೇಬರು ಕರುಣಾಳು, ಆರು ಜನರನ್ನೂ ಬಿಟ್ಟುಬಿಟ್ಟರು ಅಂತ ಸೇರಿಸಲೇ ಸಾರ್?”

ಸಾಹೇಬರು ಅವಳ ಮುಖವನ್ನೇ ನೋಡಿದರು. ಆಮೇಲೆ ಮೇಜು ಕುಟ್ಟಿಕೊಂಡು ನಕ್ಕರು, ಕಣ್ಣೊರೆಸಿಕೊಂಡು ಸಹಿ ಹಾಕಿದರು.

“ಸೇರಿಸಿ! ಬರುವ ವರ್ಷ ನೀವೂ ಓಡಿ. ನಿಮ್ಮನ್ನೂ ಬಿಟ್ಟುಬಿಡ್ತೀನಿ.”