ನಿಧಾನ ಇರೋದನ್ನ ವಾಪಸ್ ಕೊಟ್ಟ ಗುರುಪಾದ

ರಾಣೆಬೆನ್ನೂರಿನ ಒಂದು ಓಣಿಯಲ್ಲಿ ನೀಲವ್ವ ಅಂತ ಒಬ್ಬಳಿದ್ದಳು. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡಿಕೊಡುವುದು ಅವಳ ಕಸುಬು. ಅವಳಿಗೆ ಒಬ್ಬನೇ ಮಗ, ಗುರುಪಾದ. ಮೂವತ್ತು ತುಂಬಿತ್ತು, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು ಅವನು. ಓಣಿಯವರು ಅವನನ್ನು ಕಂಡರೆ ನಗುವರು, ನಕ್ಕು ಮುಂದೆ ಹೋಗುವರು, ನಿಂತು ಮಾತಾಡಿಸುವವರು ಯಾರೂ ಇಲ್ಲ. ಅವ್ವ ದಿನವಿಡೀ ಪರದೆಗೆ ಮುಖ ಕೊಟ್ಟು ಕೂತಿರುವಳು, ಬೈಯುವಾಗ ಮಾತ್ರ ಇತ್ತ ತಿರುಗುವಳು. ಹಾಗಾಗಿ ಗುರುಪಾದನಿಗೆ ಬೈಸಿಕೊಳ್ಳುವುದೆಂದರೆ ಒಳಗೊಳಗೇ ಖುಷಿ!

ಲಗ್ನದ ಕಾಲ ಬಂತು, ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಅಂಗಡಿಯ ರುದ್ರೇಶಿ ಎರಡು ಸಿಪಿಯು ಡಬ್ಬಿ ತಂದಿಟ್ಟ.

"ಹೊರಗ ಎರಡೂ ಒಂದ ನಮೂನಿ ಅದಾವ ನೀಲಕ್ಕಾ, ಒಳಗಿನ ಪ್ರೊಸೆಸರ್ ಬ್ಯಾರೆ. ಒಂದು ವಾರ ನಡಿಸಿ ನೋಡ್ರಿ. ಜೋರು ಓಡೂದು ನಿಮಗ, ಇನ್ನೊಂದು ನನಗ ವಾಪಸ್!"

ನೀಲವ್ವನಿಗೆ ಗಿರಾಕಿಗಳ ಮನೆಗೆ ಹೋಗಬೇಕಿತ್ತು. "ಗುರುಪಾದಾ, ಎರಡಕ್ಕೂ ಒಂದ ಕೆಲಸ ಕೊಡು. ಯಾವುದು ಮೊದಲ ಮುಗಸ್ತೈತಿ ನೋಡು!"

"ಹೂಂ ಅವ್ವಾ!"

ಗುರುಪಾದನಿಗೆ ಗೊತ್ತಿದ್ದ ಕೆಲಸ ಅಕ್ಕಿ ಆರಿಸುವುದು ಒಂದೇ. ಈ ಡಬ್ಬಿಯ ಮುಂದೆ ಒಂದು ಮೊರ ಅಕ್ಕಿ ಇಟ್ಟ, ಆ ಡಬ್ಬಿಯ ಮುಂದೆ ಒಂದು ಮೊರ ಅಕ್ಕಿ ಇಟ್ಟ. ಸಂಜೆ ಅವ್ವ ಬರುವವರೆಗೂ ಮಧ್ಯೆ ಕೂತು ಕಾದ.

"ಎರಡೂ ಮೈಗಳ್ಳ ಅದಾವ ಅವ್ವಾ! ಒಂದು ಕಲ್ಲೂ ತಗದಿಲ್ಲ!"

"ಅಯ್ಯ ನನ್ನ ಕರ್ಮವೇ! ಸ್ವಿಚ್ ಹಾಕಬೇಕೋ! ಈ ಬಟನ್ ಒತ್ತಿದರ ನಾನೂರು ಪತ್ರಿಕೆಗೆ ನಾನೂರು ವಿಳಾಸ ಅದ ಕೂಡಸ್ತೈತಿ. ನೀ ಗಡಿಯಾರ ಹಿಡಕೊಂಡು ಕೂಡು!"

ಮರುದಿನ ಗುರುಪಾದ ಸ್ವಿಚ್ ಹಾಕಿದ, ಬಟನ್ ಒತ್ತಿದ, ಗೋಡೆಯ ಗಡಿಯಾರ ಇಳಿಸಿ ಎದೆಗೆ ಗಟ್ಟಿಯಾಗಿ ಅವಚಿಕೊಂಡ.

"ಎಷ್ಟು ಹೊತ್ತು ಹಿಡೀತೋ?"

"ನೀ ಬರೂತನಕ ಹಿಡದೇನಿ ಅವ್ವಾ! ಒಂದೀಟೂ ಬೀಳಗೊಟ್ಟಿಲ್ಲ!"

"ಪೆದ್ದ! ಶತಪೆದ್ದ! ಗಡಿಯಾರ ನೋಡಬೇಕೋ! ಅದರ ಮ್ಯಾಲಿನ ಕಣ್ಣು ತಗೀಬ್ಯಾಡ!"

ಮೂರನೆಯ ದಿನ ಅವನು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಪಕ್ಕದ ಮನೆಯ ಸಾವಂತ್ರವ್ವ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕರೆಯಲು ಬಂದಳು. "ನಾಳೆ ಊಟಕ್ಕ ಬಾರಪಾ ಗುರುಪಾದಾ" ಅಂದಳು. ಅವನನ್ನು ಊಟಕ್ಕೆ ಕರೆದವರು ವರ್ಷದಲ್ಲಿ ಅವಳೊಬ್ಬಳೇ. ಕತ್ತು ತಿರುಗಿಸಬೇಕೆಂದು ಅವನ ಜೀವ ಒದ್ದಾಡಿತು. ಆದರೆ ಅವ್ವ ಹೇಳಿದ್ದಾಳೆ! ಸಾವಂತ್ರವ್ವ ಮುಖ ಸಣ್ಣದು ಮಾಡಿಕೊಂಡು ಹೋದಳು. ಡಬ್ಬಿಗಳು ಯಾವಾಗ ಕೆಲಸ ಮುಗಿಸಿದವೋ ಅದೂ ಅವನಿಗೆ ಕಾಣಲಿಲ್ಲ. ಸಂಜೆ ಸಾವಂತ್ರವ್ವನ ದೂರು ಕೇಳಿಕೊಂಡೇ ಅವ್ವ ಒಳಗೆ ಬಂದಳು.

"ಮನಿಗೆ ಬಂದವರನ್ನ ಮಾತಾಡಸಬೇಕೋ! ಕೂಡ್ರಿ ಅನ್ನಬೇಕು, ಊಟ ಆತೇನ್ರಿ ಅನ್ನಬೇಕು!"

ನಾಲ್ಕನೆಯ ದಿನ ನೀಲವ್ವ ಬಾಗಿಲಿಗೆ ಬರುವಷ್ಟರಲ್ಲಿ ಒಳಗೆ ಮಾತು ಕೇಳಿಸಿತು. "ಕೂಡ್ರಿ. ಊಟ ಆತೇನ್ರಿ? ನಮ್ಮನ್ಯಾಗ ಇವತ್ತು ಬದನಿಕಾಯಿ ಪಲ್ಯ." ಅಬ್ಬಾ, ಮಗನ ಹತ್ತಿರ ಯಾರೋ ಬಂದಿದ್ದಾರೆ! ನೀಲವ್ವ ಹಿಗ್ಗಿ ಒಳಗೆ ಬಂದಳು. ಯಾರೂ ಇಲ್ಲ. ಎರಡು ಡಬ್ಬಿ, ಎರಡರ ಮುಂದೂ ನೀರಿನ ಲೋಟ.

"ಇವೂ ಹೊಸದಾಗಿ ಬಂದಾವಲ್ಲ ಅವ್ವಾ. ಕೇಳಿದ್ದಕ್ಕೆಲ್ಲ ಹೂಂ ಅಂತಾವ."

ಒಳಗಿನ ಫ್ಯಾನು ಹೂಂ ಅನ್ನುತ್ತಲೇ ಇತ್ತು. ನೀಲವ್ವ ಎರಡೂ ಲೋಟ ಎತ್ತಿಟ್ಟು ಗಡಿಯಾರ ತಗೊಂಡಳು. ತಾನೇ ಕೂತು ಅಳೆದಳು. ಬಲಗಡೆಯದು ನಾಲ್ಕು ನಿಮಿಷ, ಎಡಗಡೆಯದು ಒಂಬತ್ತು.

"ನಾಳೆ ಮತ್ತೊಮ್ಮೆ ಎಲ್ಲಾಕೂ ಅದ ಕೆಲಸ ಕೊಟ್ಟು ನೋಡು. ಎಲ್ಲಾಕ್ಕಿಂತ ನಿಧಾನ ಇರೂದನ್ನ ರುದ್ರೇಶಿ ಅಂಗಡಿಗೆ ವಾಪಸ್ ಕೊಟ್ಟು ಬಾ. ಅಂಥಾದ್ದು ನಮಗ್ಯಾಕ?"

ಐದನೆಯ ದಿನ ಅವ್ವ ಹೊರಗೆ ಹೋದ ಮೇಲೆ ಗುರುಪಾದ ಎಣಿಸಿದ. ಮನೆಯಲ್ಲಿ ಒಂದು ಡಬ್ಬಿ, ಎರಡು ಡಬ್ಬಿ, ಮೂರನೆಯವನು ತಾನು. ಮೂವರಿಗೂ ಅದೇ ಕೆಲಸ ಕೊಟ್ಟ. ಬಲಗಡೆಯದು ನಾಲ್ಕು ನಿಮಿಷದಲ್ಲಿ ಮುಗಿಸಿತು. ಎಡಗಡೆಯದು ಒಂಬತ್ತು ನಿಮಿಷದಲ್ಲಿ ಮುಗಿಸಿತು. ಗುರುಪಾದ ಪೆನ್ನು ಹಿಡಿದು ಬರೆದ, ಬರೆದ, ಬರೆದ. ಮಧ್ಯಾಹ್ನಕ್ಕೆ ಹನ್ನೊಂದು ವಿಳಾಸ ಆಗಿದ್ದವು.

ಅವನು ಪೆನ್ನು ಮುಚ್ಚಿದ. ಎರಡು ಡಬ್ಬಿಗೂ "ಬರ್ತೀನ್ರಿ" ಅಂದ. ಒಗೆದ ಅಂಗಿ ಹಾಕಿಕೊಂಡು ರುದ್ರೇಶಿಯ ಅಂಗಡಿಗೆ ಹೋಗಿ, ವಾಪಸ್ ಬಂದ ಸಾಮಾನು ಇಡುವ ಮೂಲೆಯಲ್ಲಿ, ಕೆಟ್ಟ ಪ್ರಿಂಟರಿನ ಪಕ್ಕ ಕಾಲು ಮಡಚಿ ಕೂತ.

ರುದ್ರೇಶಿ ನಕ್ಕ. ಕೇಳಿ ತಿಳಿದ ಮೇಲೆ ನಗು ನಿಲ್ಲಿಸಿ ನೀಲವ್ವನಿಗೆ ಫೋನ್ ಮಾಡಿದ. ಅವಳು ಬರಿಗಾಲಲ್ಲಿ ಓಡಿ ಬಂದಳು.

"ಇಲ್ಯಾಕ ಬಂದು ಕುಂತೀಯೋ?"

"ನೀನ ಹೇಳಿದ್ಯಲ್ಲವ್ವಾ. ಎಲ್ಲಾನೂ ನೋಡಿದೆ. ನಾನ ನಿಧಾನ."

ನೀಲವ್ವ ಅವನ ಮುಂದೆ ನೆಲದ ಮೇಲೆ ಕೂತಳು, ಎರಡು ಕೈಯಲ್ಲಿ ಅವನ ಮುಖ ಹಿಡಿದಳು. ಇಷ್ಟು ಹೊತ್ತು ಅವ್ವ ತನ್ನ ಮುಖ ನೋಡಿದ್ದು ಗುರುಪಾದನಿಗೆ ನೆನಪಿರಲಿಲ್ಲ. "ನಮ್ಮನಿಗೆ ಬಂದವರನ್ನ ವಾಪಸ್ ಕಳಸಬಾರದು ಮಗನ! ಯಾವತ್ತೂ ಕಳಸಬಾರದು! ತಿಳೀತಾ?"

"ತಿಳೀತವ್ವಾ!"

ಮರುದಿನ ಎಡಗಡೆಯ ಡಬ್ಬಿ ಒಯ್ಯಲು ರುದ್ರೇಶಿಯೇ ಬಂದ. ನೀರು ಕುಡಿದ, ಡಬ್ಬಿ ಎತ್ತಿಕೊಂಡು ಎದ್ದ. ನೋಡಿದರೆ ಬಾಗಿಲಿಗೆ ಚಿಲಕ, ಚಿಲಕಕ್ಕೆ ಬೀಗ, ಬೀಗದ ಕೈ ಗುರುಪಾದನ ಕಿಸೆಯಲ್ಲಿ!

"ಕೂಡ್ರಿ" ಅಂದ ಗುರುಪಾದ, ಮುಖ ಅರಳಿಸಿಕೊಂಡು. "ಊಟ ಆತೇನ್ರಿ?"

ನೀಲವ್ವ ಕಂಪ್ಯೂಟರ್ ಬಂದ್ ಮಾಡಿ ಎದ್ದಳು, ಮಗ ಮೂವರಿಗೆ ನಾಲ್ಕು ತಾಟು ಹಾಕಿದ್ದ. ಡಬ್ಬಿಯ ಮುಂದಿನ ತಾಟಿಗೂ ಒಂದು ರೊಟ್ಟಿ ಹಾಕಿದಳು.