ಪಿಳ್ಳಪ್ಪನ ವಿಮಾನದ ಕಾರ್ಡು

ನಗೋದಿದ್ರೆ ಈಗಲೇ ನಕ್ಕುಬಿಡ್ರಪ್ಪ. ಕೊನೇಲಿ ನಗು ಬರದಿದ್ರೆ ನಾನು ಹೊಣೆಯಲ್ಲ.

ಶಿಡ್ಲಘಟ್ಟದಲ್ಲಿ ಒಬ್ಬಳು ಮುನಿತಾಯಮ್ಮ. ಬಿಸಿನೀರಲ್ಲಿ ಕೈ ಅದ್ದಿ ಅದ್ದಿ ರೇಷ್ಮೆ ನೂಲು ತೆಗೆದು ಬೆರಳೆಲ್ಲ ಬೆಂದು ಬೆಳ್ಳಗಾಗಿದ್ವು. ಅವಳ ಮಗ ಪಿಳ್ಳಪ್ಪ. ಗೂಡಿನ ಮಾರುಕಟ್ಟೇಲಿ ತೂಕ ಹಾಕೋ ಕೆಲಸ. ಮೂಟೆ ಮೇಲೆ ನೊಣ ಕೂತ್ರೆ ನೊಣಾನೂ ಸೇರಿಸಿ ತೂಗೋನು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ರೋಗ.

ಮಗಳು ಪ್ರಮೀಳ ಗುವಾಹಟಿಯಲ್ಲಿ. ಗಂಡ ಸಿಪಾಯಿ. ಚೊಚ್ಚಲ ಬಸುರಿ, ಅತ್ತೆ ಇಲ್ಲ, ಪ್ರಯಾಣ ಕೂಡದು ಅಂತ ಡಾಕ್ಟರ ಕಟ್ಟಪ್ಪಣೆ. ಬಾಣಂತನಕ್ಕೆ ಅಮ್ಮನೇ ಹೋಗಬೇಕು. ರೈಲಲ್ಲಾದ್ರೆ ಮೂರು ದಿನ. ಅವಳ ಸೊಂಟ ಮೂರು ಗಂಟೇನೂ ತಡೆಯಲ್ಲ. ವಿಮಾನ ದಿನಾ ತಲೆ ಮೇಲೇ ಹೋಗ್ತದೆ, ಕೈಗೆ ಸಿಗಬೇಕಲ್ಲ!

ಒಂದಿನ ಮಾರುಕಟ್ಟೆ ಬಾಗಿಲಲ್ಲಿ ಬ್ಯಾಂಕಿನ ಹುಡುಗ ಮೇಜು ಹಾಕ್ಕೊಂಡು ಕೂತಿದ್ದ. "ಎರಡು ಕಾರ್ಡು ಐತೆ ಅಣ್ಣ. ಇದು ದಿನಸಿ ಕಾರ್ಡು, ದಿನಾ ಉಪಯೋಗಕ್ಕೆ. ಪಾಯಿಂಟು ಸೇರಿದ್ರೆ ಮನೆಗೆ ಸಾಮಾನು. ಇದು ವಿಮಾನದ್ದು. ಪಾಯಿಂಟು ಸೇರಿದ್ರೆ ವಿಮಾನದ ಟಿಕೆಟ್ಟು. ಯಾವುದು ಬೇಕು?"

ಹಿಂದಿನ ವಾರವಷ್ಟೇ ಅಮ್ಮ ಪಾತ್ರೆ ತರೋಕೆ ಕಳಿಸಿದ್ರೆ ಮದುವೆ ಅಡುಗೆಯ ಕೊಪ್ಪರಿಗೆ ಹೊತ್ತು ತಂದು, "ದಿನಾ ಉಪಯೋಗಕ್ಕೆ ಬರೋದನ್ನ ತಾರೋ!" ಅಂತ ಬೈಸ್ಕೊಂಡಿದ್ದ. ದಿನಸಿ ಕಾರ್ಡೇ ತಂದ. ಎರಡು ತಿಂಗಳು ಅಂಗಡೀಲಿ ಕಾಸಿನ ಬದಲು ಕಾರ್ಡು ಉಜ್ಜಿದ. ಪಾಯಿಂಟು ಸೇರಿ ಒಂದು ಪ್ಲಾಸ್ಟಿಕ್ ಡಬ್ಬ ಬಂತು.

"ಅಯ್ಯೋ ನಿನ್ನ ಮನೆ ಹಾಳಾಗ!" (ಅದು ಅವಳದೇ ಮನೆ.) "ಡಬ್ಬದಲ್ಲಿ ಕೂತು ಗುವಾಹಟಿಗೆ ಹಾರ್‍ಲೇನೋ? ವಿಮಾನದ್ದು ತಗೊಂಬಾ! ವಿಮಾನಕ್ಕೆ ಬಿಟ್ಟು ಇನ್ಯಾತಕ್ಕೂ ಅದನ್ನ ಮುಟ್ಟಬೇಡ!"

"ಆಗಲಮ್ಮ."

ವಿಮಾನದ ಕಾರ್ಡು ತಂದ. ದೇವರ ಪಟದ ಹಿಂದೆ ಇಟ್ಟ. ಮುಟ್ಟಲಿಲ್ಲ. ಅಕ್ಕಿಗೂ ಮುಟ್ಟಲಿಲ್ಲ, ಎಣ್ಣೆಗೂ ಮುಟ್ಟಲಿಲ್ಲ. ಪ್ರಮೀಳಂಗೆ ಏಳು ತಿಂಗಳು ತುಂಬ್ತು. ಪಾಯಿಂಟು ಸೊನ್ನೆ.

"ಪಾಪಿ! ಉಜ್ಜದೆ ಪಾಯಿಂಟು ಎಲ್ಲಿಂದ ಉದುರ್‍ತದೋ? ಒಂದಂಗಡೀನೂ ಬಿಡಬೇಡ, ಉಜ್ಜು!"

"ಆಗಲಮ್ಮ."

ಪೇಟೆಬೀದಿಯ ಆ ತುದಿಯಿಂದ ಹಿಡಿದ. ಒಂದಂಗಡೀನೂ ಬಿಡಲಿಲ್ಲ. ಎತ್ತಿಲ್ಲದೆ ಮೂಗುದಾರ ತಗೊಂಡ. ಹೆಣ್ಣಿಲ್ಲದೆ ಬಾಸಿಂಗ ತಗೊಂಡ. ಈ ತುದೀಲಿ ಚಟ್ಟದ ಸಾಮಾನಿನ ಅಂಗಡಿ. ಅಲ್ಲೂ ಉಜ್ಜಿದ.

"ಯಾರ ಹೆಸರಿಗಪ್ಪ ಚೀಟಿ?"

"ನಮ್ಮಮ್ಮನ ಹೆಸರಿಗೆ."

ಸಂಜೆ ಅಂಗಡಿಯವನು ಹಾರ ಹಿಡ್ಕೊಂಡು ಬಂದ. "ಅಯ್ಯೋ ಮುನಿತಾಯಮ್ಮ, ಹೋಗ್ಬಿಟ್ಯಾ!"

"ಎಲ್ಲಿಗೋ ಹೋಗಿದ್ದೀನಿ? ಇಲ್ಲೇ ಹಿಟ್ಟು ತೊಳಸ್ತಾ ಇದ್ದೀನಲ್ಲೋ!"

ಕಾರ್ಡಿನ ಸಾಲ ಬ್ಯಾಂಕಿಗೆ ಕಟ್ಟೋಕೆ ಅವಳ ಕಿವಿಯ ಓಲೆ ಹೋಯ್ತು. ಕಿವಿತೂತಕ್ಕೆ ಕಸಬರಿಗೆ ಕಡ್ಡಿ ಬಂತು. ಆದ್ರೂ ಪಾಯಿಂಟು ಬಂತಲ್ಲ! ಸರಿಯಾಗಿ ಒಂದು ಟಿಕೆಟ್ಟಿಗೆ.

"ಹೋಗಿ ಟಿಕೆಟ್ಟು ಮಾಡ್ಸು. ಇನ್ನೊಂದ್ಸಲ ನನ್ನ ಹೆಸರು ಎಲ್ಲಾದ್ರೂ ಎತ್ತಿದ್ಯೋ, ನಾಲಿಗೆ ಕಿತ್ತೇನು! ಏನು ತಗೊಂಡ್ರೂ ನಿನ್ನ ಹೆಸರಲ್ಲೇ ತಗೋ!"

"ಆಗಲಮ್ಮ."

ಟಿಕೆಟ್ಟು ಬಂತು. ಮುನಿತಾಯಮ್ಮಂಗೆ ಓದು ಬರದು. ಕಣ್ಣಿಗೊತ್ಕೊಂಡಳು. ಬಾಣಂತಿ ಖಾರ ಕುಟ್ಟಿದಳು, ತುಪ್ಪ ಕಾಯಿಸಿದಳು, ಹಳೇ ಸೀರೆ ಹರಿದು ಮಗೂಗೆ ಬಟ್ಟೆ ಮಾಡಿದಳು. ಹೊರಡೋ ಬೆಳಗ್ಗೆ ಫೋನು ಬಂತು: ಹೆಣ್ಣುಮಗು! ವಿಮಾನ ನಿಲ್ದಾಣಕ್ಕೆ ಓಡಿದ್ರು.

ಬಾಗಿಲಲ್ಲಿ ಪೊಲೀಸಿನವನು ಚೀಟಿ ನೋಡಿದ, ಅವಳ ಆಧಾರ್ ನೋಡಿದ. "ಅಜ್ಜಿ, ಇದು ಪಿಳ್ಳಪ್ಪ ಅಂತಿದೆ. ನೀವು ಪಿಳ್ಳಪ್ಪನಾ?"

"ಇವನನ್ನ ಹೆತ್ತ ಪಾಪಿ ಕಣಪ್ಪ ನಾನು. ಬಿಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ."

"ಆಗಲ್ಲ ಅಜ್ಜಿ."

ಟಿಕೆಟ್ಟು ಬದಲಾಗಲ್ಲ, ಇನ್ನೊಂದಕ್ಕೆ ಓಲೆ ಇಲ್ಲ. ಖಾರ, ತುಪ್ಪದ ಗಂಟಾದ್ರೂ ಮಗಳ ಕೈ ಸೇರಲಿ ಅಂತ ಮುನಿತಾಯಮ್ಮ ಅದನ್ನ ಮಗನ ಎದೆಗೆ ತಳ್ಳಿದಳು. "ಹೋಗು! ನೀನೇ ಹೋಗಿ ಬಾಣಂತನ ಮಾಡು!"

"ಹೆಂಗಮ್ಮ?"

"ತಲೆಗೆ ಬಟ್ಟೆ! ಕಿವಿಗೆ ಹತ್ತಿ! ಹೊತ್ತುಹೊತ್ತಿಗೆ ಬಿಸಿ ಅನ್ನಕ್ಕೆ ತುಪ್ಪ, ಖಾರ! ಮೂರು ತಿಂಗಳು ಹಾಸಿಗೆ ಬಿಟ್ಟು ಏಳಕೂಡದು!"

"ಆಗಲಮ್ಮ."

ಹೋದ. ಅವಳು ಬಸ್ಸಲ್ಲಿ ನಿಂತ್ಕೊಂಡೇ ಊರಿಗೆ ಬಂದಳು.

ನಾಲ್ಕನೇ ದಿನ ಪ್ರಮೀಳ ಫೋನು ಮಾಡಿದಳು. "ಅಮ್ಮಾ, ಇವರು ಡ್ಯೂಟಿಗೆ ಹೋದ್ರು. ಅಣ್ಣ ನನ್ನ ಮಂಚದ ಮೇಲೆ ಮಲಗವ್ನೆ. ತಲೆಗೆ ಬಟ್ಟೆ ಕಟ್ಕೊಂಡವ್ನೆ, ಕಿವಿಗೆ ಹತ್ತಿ ತುರುಕ್ಕೊಂಡವ್ನೆ. ಖಾರ ಎಲ್ಲ ತಿಂದು ಮುಗಿಸ್ದ. ಏಳೋ ಅಂದ್ರೆ ಮೂರು ತಿಂಗಳು ಏಳಂಗಿಲ್ಲ ಅಂತಾನೆ. ನಾನೇ ನೀರು ಕಾಯಿಸಿ ಕೊಡ್ತಾ ಇದ್ದೀನಮ್ಮ. ನೀನೊಂದು ಮಾತು ಹೇಳಮ್ಮ ಅವನಿಗೆ!"

ಹಸೀ ಮೈಯ ಬಾಣಂತಿ ಫೋನನ್ನ ಅಣ್ಣನ ಕಿವಿಗೆ ಹಿಡಿದಳು.

"ಅಮ್ಮಾ," ಅಂದ ಪಿಳ್ಳಪ್ಪ, "ಎಲ್ಲಾ ನೀನು ಹೇಳ್ದಂಗೇ ಮಾಡ್ತಿದ್ದೀನಿ. ಮುಂದೆ ಏನು ಮಾಡ್ಲಿ?"

ಮುನಿತಾಯಮ್ಮ ಬಾಯಿ ತೆರೆದಳು. ಒಂದು ಮಾತೂ ಆಡಲಿಲ್ಲ. ಹೇಳಿದ್ರೆ ಅದನ್ನೂ ಮಾಡ್ತಾನಲ್ಲ!